ರೈತನ ಖರ್ಚಿನ ಪಟ್ಟಿಯಲ್ಲಿ ರಜೆ ಎಲ್ಲಿದೆ?



ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಮದುವೆ, ತಿಥಿ, ಆಸ್ಪತ್ರೆ, ಕೋರ್ಟು, ಹರಕೆ ಈ ಐದನ್ನು ಬಿಟ್ಟು, ಹೆಂಡತಿ ಮಕ್ಕಳ ಜೊತೆ ನೀವು ಪರಊರಲ್ಲಿ ಎರಡು ರಾತ್ರಿ ಮಲಗಿದ್ದು ಯಾವಾಗ? ಧರ್ಮಸ್ಥಳ, ಕುಕ್ಕೆ, ತಿರುಪತಿ ಅಂತ ಹೇಳಬೇಡಿ. ಅದು ಹರಕೆ ಲೆಕ್ಕ. ಮುಡಿ ಕೊಟ್ಟು, ಸಾಲಲ್ಲಿ ನಿಂತು, ರಾತ್ರಿ ಬಸ್ಸಿಗೆ ವಾಪಸು ಬಂದು, ಬೆಳಗಿನ ಜಾವ ಹಾಲು ಕರೆದವರು ನಾವು.

ಐವತ್ತು ದಾಟಿದ ಮೇಲೆ ಮೊದಲ ಸಲ ನಾನು ಹಾಗೆ ಹೋಗಿ ಬಂದೆ. 2023ರ ಡಿಸೆಂಬರ್ ಮೊದಲ ವಾರ. ತುಮಕೂರಿನ ವಸಂತನರಸಾಪುರದಲ್ಲಿ ಕಾರ್ಖಾನೆ ಕೆಲಸದಲ್ಲಿರುವ ಮಗ, "ಅಮ್ಮ ಇನ್ನೂ ಸಮುದ್ರ ನೋಡಿಲ್ಲ ಅಪ್ಪಾ" ಅಂತ ಹಠ ಹಿಡಿದ. ಎರಡು ಹಸು ತಮ್ಮನ ಮನೆಗೆ ಒಪ್ಪಿಸಿದೆವು. ಕುಣಿಗಲ್ಲಿನಿಂದ ಯಡಿಯೂರು, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು, ಮಂಗಳೂರಿನ ಮೇಲೆ ಮಲ್ಪೆ ಹತ್ತಿರದ ಪಡುಕೆರೆ ಸೇರಿದಾಗ ಸಂಜೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನ ತೋಟ, ತೋಟದೊಳಗೆ ಹಂಚಿನ ಮನೆ. ಅದಕ್ಕೆ ಕಾಟೇಜು ಅಂತ ಹೆಸರು. ರಾತ್ರಿಗೆ 3,500 ರೂಪಾಯಿ.

ನಮ್ಮ ಮನೆಯಾಕೆ ಮೊದಲ ದಿನ ಬೆಳಿಗ್ಗೆ ನಾಲ್ಕೂವರೆಗೇ ಎದ್ದು ಕೂತಳು. ಮಾಡೋಕೆ ಏನೂ ಕೆಲಸ ಇಲ್ಲ. ಪೊರಕೆ ಹುಡುಕಿ ತಂದು ಅವರ ಅಂಗಳ ಗುಡಿಸಿದಳು. ಕಾಟೇಜಿನ ಯಜಮಾನರು ಓಡಿ ಬಂದು, "ಅಮ್ಮಾ, ನೀವು ದುಡ್ಡು ಕೊಟ್ಟು ಬಂದವರು, ಬಿಡಿ" ಅಂತ ಪೊರಕೆ ಇಸಿದುಕೊಂಡರು. ಎರಡನೇ ದಿನ ಏಳು ಗಂಟೆವರೆಗೆ ಮಲಗಿದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಜ್ವರ ಇಲ್ಲದೆ ಅವಳು ಅಷ್ಟು ಹೊತ್ತು ಮಲಗಿದ್ದು ನಾನು ಕಂಡಿರಲಿಲ್ಲ.

ನಾನು ಮಾತ್ರ ರೈತ ತಾನೆ, ಜಗುಲಿ ಮೇಲೆ ಕೂತು ಲೆಕ್ಕ ಹಾಕಿದೆ. ಎರಡು ರಾತ್ರಿಗೆ 7,000. ಅದಕ್ಕೆ ಮುಂಚೆ ನಾನು ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಬಿಟ್ಟಿದ್ದು ಕ್ವಿಂಟಾಲಿಗೆ 8,400ಕ್ಕೆ. ಅಂದರೆ 83 ಕಿಲೋ ಕೊಬ್ಬರಿ. ಏಳು ಕಾಯಿಗೆ ಒಂದು ಕಿಲೋ ಅಂದರೂ 580 ಕಾಯಿ, ನನ್ನ ತೋಟದಲ್ಲಿ ಒಂಬತ್ತು ಮರದ ವರ್ಷದ ಫಸಲು. ಕೀಳಿಸಿ, ಅಟ್ಟಕ್ಕೆ ಹಾಕಿ ಹತ್ತು ತಿಂಗಳು ಕಾದು, ಮಟ್ಟೆ ಸುಲಿಸಿ, ಒಡೆಸಿ ತಂದದ್ದು. ಆ ವರ್ಷ ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ 11,750. ಅದು ಕೈಗೆ ಸಿಕ್ಕಿದ್ದರೆ 60 ಕಿಲೋಗೆ ಮುಗಿಯುತ್ತಿತ್ತು.

ಯಜಮಾನರನ್ನು ಕೇಳಿದೆ, ಈ 3,500 ಯಾರು ಗೊತ್ತು ಮಾಡಿದ್ದು ಸ್ವಾಮಿ? "ನಾನೇ" ಅಂದರು. ಮಳೆಗಾಲದಲ್ಲಿ ಅರ್ಧ, ಡಿಸೆಂಬರ್ ಕೊನೆ ವಾರ ದುಪ್ಪಟ್ಟು. ಜನ ಜಾಸ್ತಿ ಬಂದಾಗ ಬೆಲೆ ಏರಿಸುತ್ತಾರೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಒಳ್ಳೆ ಮನುಷ್ಯ, ಅವರದೂ ತೆಂಗಿನ ತೋಟವೇ. ಆದರೆ ನೋಡಿ, ಅದೇ ಮರದ ನೆರಳಿಗೆ ಬೆಲೆ ಕಟ್ಟುವವರು ಅವರು, ಅದೇ ಮರದ ಕಾಯಿಗೆ ಬೆಲೆ ಕಟ್ಟುವವನು ನಾನಲ್ಲ. ದಡದಲ್ಲಿ ಎಳನೀರು, ಅಲ್ಲಿಯವರು ಬೊಂಡ ಅಂತಾರೆ, 50 ರೂಪಾಯಿ. ನಮ್ಮ ತೋಟಕ್ಕೆ ಬಂದ ವ್ಯಾಪಾರಿ ಆ ತಿಂಗಳು ಕೊಟ್ಟಿದ್ದು ಹದಿನೈದು.

2025ರಲ್ಲಿ ಕೊಬ್ಬರಿ 20 ಸಾವಿರ ದಾಟಿತಲ್ಲ ಅಂತ ನೀವು ಕೇಳಬಹುದು. ದಾಟಿತು. ಆಗ ನಿಮ್ಮ ಅಟ್ಟದಲ್ಲಿ ಎಷ್ಟಿತ್ತು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಎರಡು ದಿನ ನನ್ನ ಮಗನಿಗೆ ಸಂಬಳ ಬಂತು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾರ್ಮಿಕನಿಗೆ 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ ಎಂಬ ಲೆಕ್ಕವಿದೆ, ವಾರದ ರಜೆ ಬೇರೆ. ಸರ್ಕಾರಿ ನೌಕರನಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ಕೇಂದ್ರ ನೌಕರನಾದರೆ ಕುಟುಂಬ ಸಮೇತ ಊರು ನೋಡಿ ಬರೋಕೆ ಪ್ರಯಾಣ ಭತ್ಯೆಯೂ ಉಂಟು. ಇದೆಲ್ಲ ಹೋರಾಡಿ ಪಡೆದದ್ದು, ತಪ್ಪಲ್ಲ. ಕಾರ್ಖಾನೆ ಸಾಮಾನಿನ ಬೆಲೆಯಲ್ಲಿ ಈ ರಜೆಯ ಸಂಬಳವೂ ಸೇರಿರುತ್ತದೆ. ನೀವು ಪಂಪು ಕೊಂಡಾಗ ಅದನ್ನು ಮಾಡಿದವನ ಭಾನುವಾರಕ್ಕೂ ದುಡ್ಡು ಕೊಟ್ಟಿರುತ್ತೀರಿ.

ನಮ್ಮ ಲೆಕ್ಕ ಹೇಗಿದೆ? ದೆಹಲಿಯ ಬೆಲೆ ಆಯೋಗ ಬೀಜ, ಗೊಬ್ಬರ, ಕೂಲಿಯ ಖರ್ಚು ಹಿಡಿದು, ಅದರ ಮೇಲೆ ಮನೆಯವರ ದುಡಿಮೆ ಸೇರಿಸುತ್ತದೆ. 2018ರ ಬಜೆಟ್ಟಿನಲ್ಲಿ ಒಂದೂವರೆ ಪಟ್ಟು ಅಂತ ಡಂಗುರ ಹೊಡೆದದ್ದು ಇದರ ಮೇಲೆ. ಜಮೀನಿನ ಗುತ್ತಿಗೆ, ಬಂಡವಾಳದ ಬಡ್ಡಿ ಸೇರಿದ ಪೂರಾ ಖರ್ಚಿನ ಮೇಲಲ್ಲ. ಮನೆಯವರ ದುಡಿಮೆ ಅಂದರೂ ಹೊಲದಲ್ಲಿ ಬಗ್ಗಿದಷ್ಟು ಹೊತ್ತಿಗೆ ಕೂಲಿಯಾಳಿನ ದರ, ಅಷ್ಟೇ. ಸೊಂಟ ನೆಟ್ಟಗೆ ಮಾಡಿದ ಕೂಡಲೇ ಲೆಕ್ಕ ನಿಂತುಹೋಗುತ್ತದೆ.

ನಾವೂ ಕಾಯಿ ಕೀಳುವವನಿಗೆ, ಕಳೆ ತೆಗೆಯುವ ಹೆಣ್ಣಾಳಿಗೆ ಯಾವತ್ತೂ ಸಂಬಳದ ರಜೆ ಕೊಟ್ಟವರಲ್ಲ. ಅದೂ ನಿಜ, ಮುಚ್ಚಿಡುವುದು ಬೇಡ. ನಮ್ಮ ಬೆಲೆಯಲ್ಲೇ ಇಲ್ಲದ್ದನ್ನು ಅವರಿಗೆ ಎಲ್ಲಿಂದ ಕೊಡೋಣ ಅಂತ ಹೇಳಿ ಜಾರಿಕೊಳ್ಳಬಹುದು. ನನಗೇನೋ ಆ ಉತ್ತರ ಗಂಟಲಲ್ಲಿ ಇಳಿಯುವುದಿಲ್ಲ.

ಮಲ್ಪೆಯಲ್ಲಿ ಒಂದು ಸಂಗತಿ ತಿಳಿಯಿತು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಮರಿ ಹಾಕಲಿ ಅಂತ. ಮೀನಿಗೆ ಇದೆ, ನಮಗಿಲ್ಲ!

ವಾಪಸು ಬಂದು ವಾರವಾಗಿರಲಿಲ್ಲ. ಬೆಳೆ ಸಾಲ ನವೀಕರಿಸೋಕೆ ಹೋದ ಕಡೆ ಒಬ್ಬರು ನಕ್ಕೊಂಡು, "ಏನ್ ಗೌಡ್ರೆ, ಸಾಲ ಇಟ್ಕೊಂಡು ಸಮುದ್ರ ನೋಡ್ಕಂಡು ಬಂದ್ರಂತೆ" ಅಂದರು. ಸುತ್ತ ನಿಂತವರೂ ನಕ್ಕರು, ಅವರೂ ರೈತರೇ. ಖರ್ಚು ಮಗನದ್ದು ಅಂತ ಸಮಜಾಯಿಷಿ ಕೊಡೋಕೆ ಬಾಯಿ ತೆರೆದು ಸುಮ್ಮನಾದೆ. ಮಗನದ್ದಲ್ಲದೆ ನನ್ನದೇ ಆಗಿದ್ದರೆ ಅದು ಕಳ್ಳತನವೇ? ಮಗಳ ಮದುವೆಗೆ ಹತ್ತು ಲಕ್ಷ ಸಾಲ ಮಾಡಿದರೆ ಮರ್ಯಾದೆ, ಹೆಂಡತಿಗೆ ಎರಡು ದಿನ ವಿಶ್ರಾಂತಿ ಕೊಟ್ಟರೆ ದಂಡಪಿಂಡ. ಈ ನಗು ಸಾಲ ಕೊಟ್ಟವನದಲ್ಲ, ನಮ್ಮದೇ. ಗುಬ್ಬಿಯ ನಮ್ಮ ಬೀಗರು ಕೂಡ, "ರೈತನಿಗೆ ಎಂಥ ರಜಾ ಬಿಡಿ" ಅಂದರು. ನಾವೇ ಹೀಗಂದರೆ ಆಯೋಗದ ಎದುರು ಯಾವ ಬಾಯಲ್ಲಿ ಕೇಳೋಣ?

ಸಾಲ ಮಾಡಿ ಕಾಟೇಜಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಬೇಡ. ಮುಂದಿನ ಸಲ ತಾಲ್ಲೂಕು ಸಭೆಗೆ ನಿಮ್ಮ ಬೆಳೆಯ ಖರ್ಚಿನ ಪಟ್ಟಿ ತರುವಾಗ, ಗೊಬ್ಬರ, ಔಷಧಿ, ಉಳುಮೆ, ಕೀಳುವ ಕೂಲಿ, ಬಡ್ಡಿ ಎಲ್ಲ ಬರೆದಾದ ಮೇಲೆ ಇನ್ನೂ ಎರಡು ಸಾಲು ಬರೆಯಿರಿ. ಒಂದು, ಮನೆಯವರ ವಾರದ ರಜೆ. ಇನ್ನೊಂದು, ಆಳಿನ ವಾರದ ರಜೆ. ರಾಜ್ಯದ ಕೃಷಿ ಬೆಲೆ ಆಯೋಗಕ್ಕೂ ದೆಹಲಿಗೂ ಕೊಡುವ ಮನವಿಗೆ ಆ ಪಟ್ಟಿಗಳನ್ನೇ ಲಗತ್ತಿಸೋಣ. ನನ್ನ ಪಟ್ಟಿ ಆಗಲೇ ಬರೆದಿದ್ದೇನೆ. ಹಸು ನೋಡಿಕೊಂಡ ತಮ್ಮನ ಹೆಂಡತಿಯ ಎರಡು ದಿನದ ಕೂಲಿಯನ್ನೂ ಸೇರಿಸು ಅಂತ ನಮ್ಮ ಮನೆಯಾಕೆ ಹೇಳಿದಳು. ಅದನ್ನೂ ಸೇರಿಸಿದ್ದೇನೆ.