ಹಿತ್ತಲಿನ ಚೆಕ್ಕುಬಂದಿ

ಬೇಸಿಗೆ ರಜೆಯ ಸಂಜೆಗಳಲ್ಲಿ ಕಲ್ಯಾಣದುರ್ಗದ ನಮ್ಮ ಮನೆಯ ಹಿತ್ತಲು ಹಿತ್ತಲಾಗಿ ಉಳಿಯುವುದಿಲ್ಲ. ಬಟ್ಟೆ ಒಗೆಯುವ ಕಲ್ಲು ವಿಕೆಟ್ ಆಗುತ್ತದೆ; ಬೇವಿನ ಮರದ ಬುಡದಿಂದ ಬೌಲರ್ ಓಡಿಬರುತ್ತಾನೆ. ನಾಲ್ಕನೆಯ ತರಗತಿಯ ನನ್ನ ಮಗ, ನನ್ನ ಅಣ್ಣನ ಇಬ್ಬರು ಮಕ್ಕಳು, ಪಕ್ಕದ ಬೀದಿಯ ತೆಲುಗು ಮನೆಗಳ ನಾಲ್ಕೈದು ಮಕ್ಕಳು, ಎಲ್ಲರಿಗೂ ಸೇರಿ ಒಂದು ಟೆನಿಸ್ ಚೆಂಡು. ನನ್ನ ತಾಯಿಯವರು ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಹುಣಿಸೆಹಣ್ಣಿನ ಬೀಜ ತೆಗೆಯುತ್ತ ಅಂಪೈರ್ ಆಗಿರುತ್ತಾರೆ. ಎಲ್‌ಬಿಡಬ್ಲ್ಯು ಎಂದರೇನೆಂದು ಅವರಿಗೆ ತಿಳಿಯದು. ಯಾರು ಸುಳ್ಳು ಹೇಳುತ್ತಿದ್ದಾರೆಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಈ ಆಟದ ನಿಯಮಗಳನ್ನು ಮಕ್ಕಳೇ ಮಾಡಿಕೊಂಡಿದ್ದಾರೆ. ಚೆಂಡು ನೆರೆಮನೆಯ ಗೋಡೆ ದಾಟಿದರೆ ಸಿಕ್ಸರ್ ಅಲ್ಲ, ಔಟ್. ಹೊಡೆದವನೇ ಹೋಗಿ, ಕ್ಷಮೆ ಕೇಳಿ, ಚೆಂಡು ತರಬೇಕು. ಒಮ್ಮೆ ನೆಲಕ್ಕೆ ಬಿದ್ದು ಪುಟಿದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಎಲ್ಲರಿಗಿಂತ ಚಿಕ್ಕವನು ಎರಡೂ ತಂಡಗಳಿಗೆ ಸೇರಿದವನು. ಮೊದಲ ಚೆಂಡಿಗೆ ಅವನು ಔಟಾಗುವುದಿಲ್ಲ. ದುರ್ಬಲನಿಗೆ ರಿಯಾಯಿತಿ, ನೆರೆಯವನ ಹಕ್ಕಿಗೆ ಮನ್ನಣೆ, ತಪ್ಪಿಗೆ ತಪ್ಪು ಮಾಡಿದವನೇ ಹೊಣೆ: ನಾನು ಕಾನೂನು ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿ ತಿಳಿದುದನ್ನು ಇವರು ಒಂದೇ ರಜೆಯಲ್ಲಿ ಕಂಡುಕೊಂಡಿದ್ದಾರೆ.

ಚೆಂಡಿನ ಹೊಣೆಯ ಪ್ರಶ್ನೆ ದೊಡ್ಡ ನ್ಯಾಯಾಲಯಗಳನ್ನೂ ಕಾಡಿದೆ. 1947ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಒಂದು ಮೈದಾನದಿಂದ ಹಾರಿದ ಕ್ರಿಕೆಟ್ ಚೆಂಡು ರಸ್ತೆಯಲ್ಲಿ ನಿಂತಿದ್ದ ಮಹಿಳೆಯೊಬ್ಬರಿಗೆ ತಗುಲಿತು. ಅದಕ್ಕೆ ಹಿಂದಿನ ಸುಮಾರು 30 ವರ್ಷಗಳಲ್ಲಿ ಅಲ್ಲಿಂದ ಚೆಂಡು ರಸ್ತೆಗೆ ಬಿದ್ದದ್ದು ಬೆರಳೆಣಿಕೆಯಷ್ಟು ಬಾರಿ ಮಾತ್ರ. ಅಷ್ಟು ಅಪರೂಪದ ಅಪಾಯಕ್ಕೆ ಆಟ ನಡೆಸುವವರು ಹೊಣೆಯಲ್ಲವೆಂದು 1951ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಬೋಲ್ಟನ್ ವಿರುದ್ಧ ಸ್ಟೋನ್ ಎಂಬ ಈ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ನಮ್ಮ ಹಿತ್ತಲಿನ ನಿಯಮ ಅದಕ್ಕಿಂತ ಕಟ್ಟುನಿಟ್ಟು. ಇಲ್ಲಿ ಚೆಂಡು ಒಂದೇ ಬಾರಿ ಆಚೆ ಹೋದರೂ ಹೊಣೆ ತಪ್ಪದು.

2024ರ ಸೆಪ್ಟೆಂಬರಿನಲ್ಲಿ ಅನಂತಪುರದ ಆರ್‌ಡಿಟಿ ಕ್ರೀಡಾಂಗಣದಲ್ಲಿ ದುಲೀಪ್ ಟ್ರೋಫಿ ಪಂದ್ಯಗಳು ನಡೆದಾಗ ಮಗನನ್ನು ಬಸ್ಸಿನಲ್ಲಿ ಕರೆದೊಯ್ದಿದ್ದೆ. ಬೆಂಗಳೂರಿನ ಮಯಂಕ್ ಅಗರ್‌ವಾಲ್ ನಾಯಕತ್ವದಲ್ಲಿ ಇಂಡಿಯಾ ಎ ತಂಡ ಆ ಟ್ರೋಫಿಯನ್ನು ಗೆದ್ದಿತು. ಟಿವಿಯಲ್ಲಿ ಕಂಡವರನ್ನು ಕಣ್ಣೆದುರು ನೋಡಿದ ಹುಡುಗ ಊರಿಗೆ ಬಂದ ಮೇಲೆ ಹಿತ್ತಲನ್ನು ಮರೆತಾನೆಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಅವನು ಒಗೆಯುವ ಕಲ್ಲಿನ ಮುಂದೆ ಬ್ಯಾಟು ಹಿಡಿದು ನಿಂತಿದ್ದ.

ಅಲ್ಲಿ ಇನ್ನೊಂದು ಸಂಗತಿಯೂ ನಡೆಯುತ್ತಿರುತ್ತದೆ. ನಮ್ಮ ಮಕ್ಕಳು ಕನ್ನಡವನ್ನು ಓದುವುದು ಶಾಲೆಯಲ್ಲಿ. ಅಂಗಡಿ, ಬಸ್ಸು, ಕಚೇರಿಗಳಲ್ಲಿ ಕೇಳುವುದು ತೆಲುಗನ್ನು. ಎರಡೂ ನಮ್ಮವೇ, ಆ ಮಾತು ಬೇರೆ. ಆದರೆ ಭಾಷೆಯೊಂದು ಪರೀಕ್ಷೆ ಬರೆಯಲು ಮಾತ್ರ ಉಳಿದರೆ ಸಾಲದು; ಅದರಲ್ಲಿ ಜಗಳವಾಡಲೂ ಬರಬೇಕು. ಹಿತ್ತಲಿನಲ್ಲಿ ಅಣ್ಣತಮ್ಮಂದಿರ ಮಕ್ಕಳು ರನ್ ಔಟಿಗಾಗಿ ಕನ್ನಡದಲ್ಲಿ ವಾದಿಸುತ್ತಾರೆ. ತೆಲುಗು ಮನೆಯ ಹುಡುಗರು ಕೇಳಿ ಕೇಳಿ ಕಲಿತು, ಈಗ ಕನ್ನಡದಲ್ಲಿಯೇ ಎದುರುತ್ತರ ಕೊಡುತ್ತಾರೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ; ಶಾಲೆಗೆ ಆಟದ ಮೈದಾನ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಹೇಳುತ್ತದೆ. ಮನೆಯ ಹಿತ್ತಲನ್ನು ಕಾಯುವ ಕಾನೂನು ಮಾತ್ರ ಎಲ್ಲಿಯೂ ಇಲ್ಲ. ಅದನ್ನು ಮನೆಯವರೇ ಕಾಯಬೇಕು.

ಇದನ್ನು ಬರೆಯಲು ಕಾರಣವಿದೆ. ತಂದೆಯವರು ತೀರಿಕೊಂಡ ಮೇಲೆ ಅಣ್ಣನೂ ನಾನೂ ಮನೆಯನ್ನು ಪಾಲು ಮಾಡಿಕೊಳ್ಳಲು ನಿಶ್ಚಯಿಸಿದೆವು. ಮನಸ್ತಾಪವೇನೂ ಇರಲಿಲ್ಲ, ಮುಂದೆ ಬರದಿರಲಿ ಎಂಬುದೇ ಉದ್ದೇಶ. ಊರವರ ಎಷ್ಟೋ ವಿಭಾಗಪತ್ರಗಳನ್ನು ಬರೆದ ಕೈ ನನ್ನದು. ನಮ್ಮದನ್ನೂ ನಾನೇ ಬರೆದೆ. ಪೂರ್ವಕ್ಕೆ ಇಂಥದು, ಪಶ್ಚಿಮಕ್ಕೆ ಇಂಥದು ಎಂದು ಚೆಕ್ಕುಬಂದಿ ಗುರುತಿಸಿ, ಹಿತ್ತಲಿನ ನಡುವೆ ಗೋಡೆಗೆ ಗೆರೆ ಎಳೆದೆ. ಗೆರೆ ಬೇವಿನ ಮರಕ್ಕೂ ಒಗೆಯುವ ಕಲ್ಲಿಗೂ ನಡುವೆ ಹಾದುಹೋಯಿತು. ಅದು ಪಿಚ್ಚಿನ ಮೇಲೆಯೇ ಹಾಯುತ್ತದೆಂಬುದು ನನಗೆ ಹೊಳೆಯಲಿಲ್ಲ.

ಮೇಜಿನ ಮೇಲಿದ್ದ ನಕ್ಷೆಯನ್ನು ಮಗ ಬಹಳ ಹೊತ್ತು ನೋಡಿದ. ಅಳಲಿಲ್ಲ, ಹಟ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದ: “ಅಪ್ಪಾ, ಗೋಡೆ ಕಟ್ಟಿದ ಮೇಲೆ ದೊಡ್ಡಪ್ಪನ ಮನೆ ಕಡೆ ಹೊಡೆದರೆ ಔಟಾ?”

ನೆರೆಮನೆಯ ಗೋಡೆ ದಾಟಿದರೆ ಔಟ್ ಎಂಬುದು ಅವರ ನಿಯಮ. ದೊಡ್ಡಪ್ಪನ ಮನೆ ಇನ್ನು ನೆರೆಮನೆಯೋ ಎಂಬುದು ಅವನ ಸಂದೇಹ. ನ್ಯಾಯಾಲಯದಲ್ಲಿ ಎದುರುಪಕ್ಷದ ಪಾಟೀಸವಾಲಿಗೆ ನಾನು ಇಷ್ಟು ತಡವರಿಸಿದ್ದಿಲ್ಲ.

ಆ ರಾತ್ರಿ ಕರಡನ್ನು ತಿದ್ದಿದೆ. ಮನೆಯ ಕೋಣೆಗಳು ಇಬ್ಬರಿಗೂ ಬೇರೆ ಬೇರೆ. ಹಿತ್ತಲನ್ನು ವಿಭಾಗಿಸದೆ ಉಭಯ ಪಾಲುದಾರರ ಜಂಟಿ ಅನುಭವಕ್ಕೆ ಬಿಡತಕ್ಕದ್ದು, ಅಲ್ಲಿ ಯಾರೂ ಗೋಡೆ ಕಟ್ಟತಕ್ಕದ್ದಲ್ಲ ಎಂದು ಸೇರಿಸಿದೆ. ಇಂಥ ಷರತ್ತು ಹಾಕಲು ಅವಕಾಶವಿದೆ. ಆದರೆ ಜಂಟಿಯಾಗಿ ಬಿಟ್ಟ ಜಾಗವೇ ಮುಂದೆ ವ್ಯಾಜ್ಯದ ಬೀಜವಾಗುವುದನ್ನೂ ನಾನು ಕಂಡಿದ್ದೇನೆ. ಕಕ್ಷಿಗಾರರಿಗೆ ಬೇಡವೆಂದೇ ಹೇಳುತ್ತ ಬಂದಿದ್ದೇನೆ. ಅದನ್ನು ಅಣ್ಣನಿಗೂ ಮುಚ್ಚಿಡದೆ ಹೇಳಿದೆ. ಅವನು ಕರಡನ್ನು ಎರಡು ಬಾರಿ ಓದಿ, “ನಾಳೆ ನಾವಿಬ್ಬರೂ ಇಲ್ಲದಾಗ?” ಎಂದ. “ನಿಯಮ ಮಾಡಿಕೊಳ್ಳಲು ಮಕ್ಕಳಿಗೆ ಬರುತ್ತದೆ” ಎಂದೆ. ಅವನಿನ್ನೂ ಸಹಿ ಹಾಕಿಲ್ಲ, ಬೇಡವೆಂದೂ ಅಂದಿಲ್ಲ.

ನಮ್ಮ ಮನೆಯ ಮಾತು ಹೇಗಾದರೂ ಆಗಲಿ. ಓದುಗ ಪಾಲಕರಲ್ಲಿ ನನ್ನದೊಂದು ಬಿನ್ನಹವಿದೆ. ಹಿತ್ತಲಿಗೆ ಶೆಡ್ಡು ಹಾಕುವ ಮುನ್ನ, ಗೋಡೆ ಎಬ್ಬಿಸುವ ಮುನ್ನ, ಅಲ್ಲಿ ಆಡುವವರನ್ನೂ ಒಂದು ಮಾತು ಕೇಳಿರಿ. ಅವರ ಸಹಿ ಯಾವ ಪತ್ರಕ್ಕೂ ಬೇಕಿಲ್ಲ. ಆದರೆ ಆ ನೆಲವನ್ನು ಈಗ ಅನುಭವಿಸುತ್ತಿರುವವರು ಅವರೇ.