ಬಾತುಕೋಳಿ ಕನ್ನಡ ಆಡಿದರೆ ಯಾರಿಗೆ ನಷ್ಟ?

ಡಬ್ಬಿಂಗ್ ಬಂದರೆ ಕನ್ನಡ ಸಂಸ್ಕೃತಿ ಹಾಳಾಗುತ್ತದೆ ಎಂದು ದಶಕಗಳ ಕಾಲ ಹೇಳಿದವರು ಮಕ್ಕಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1987ರಲ್ಲಿ ಅಮೆರಿಕದಲ್ಲಿ ಶುರುವಾದ ‘ಡಕ್‌ಟೇಲ್ಸ್’ 90ರ ದಶಕದಲ್ಲಿ ದೂರದರ್ಶನಕ್ಕೆ ಬಂದಾಗ ಜಿಪುಣ ಬಾತುಕೋಳಿ ಸ್ಕ್ರೂಜ್ ಆಡಿದ್ದು ಹಿಂದಿ. ಹನೂರು ತಾಲ್ಲೂಕಿನ ನಮ್ಮ ರಾಮಾಪುರದಲ್ಲಿ ಅಕ್ಕ-ಅಣ್ಣಂದಿರು ಅದು ಬೀಳುವುದಕ್ಕೆ ನಕ್ಕರೇ ಹೊರತು ಮಾತಿಗಲ್ಲ. ನಮ್ಮ ಕಾಲಕ್ಕೆ ಚುಟ್ಟಿ ಟಿವಿ ಬಂತು, ತಮಿಳಿನಲ್ಲಿ ನಕ್ಕೆವು. (ತಮಿಳಿನ ಮೇಲೆ ಮುನಿಸಿಲ್ಲ, ಊರಲ್ಲಿ ಎಷ್ಟೋ ಜನರ ಮನೆಮಾತು ಅದು.) 2009ರಲ್ಲಿ ಚಿಂಟು ಟಿವಿಯಲ್ಲಿ ಕಾರ್ಟೂನುಗಳು ಕನ್ನಡ ಆಡಿದವು. ಕನ್ನಡವೇನೂ ಸಾಯಲಿಲ್ಲ. ಆದರೂ ಸಿನಿಮಾಕ್ಕೆ ತಡೆ ನಿಲ್ಲಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗವೇ ವಾಣಿಜ್ಯ ಮಂಡಳಿಗೆ ದಂಡ ಹಾಕಬೇಕಾಯಿತು.

11ನೆಯ ಶತಮಾನದ ದುರ್ಗಸಿಂಹ ವಸುಭಾಗಭಟ್ಟನ ಸಂಸ್ಕೃತ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಸಿಂಹ, ನರಿ, ಎತ್ತುಗಳಿಗೆ ಅವನು ಕನ್ನಡ ಕಲಿಸಿದಾಗ ಯಾವ ಮಂಡಳಿಯೂ ಅಡ್ಡ ಬರಲಿಲ್ಲ. ಇಂದು ಅದನ್ನೇ ನಮ್ಮ ಪರಂಪರೆ ಎಂದು ಪಾಠ ಮಾಡುತ್ತೇವೆ.

ಕಲಾವಿದರ ಹೊಟ್ಟೆಪಾಡಿನ ವಾದಕ್ಕೆ ತೂಕವಿದೆ, ಒಪ್ಪುತ್ತೇನೆ. ಆದರೆ ಕಂಠದಾನ ಮಾಡುವವರು, ಸಂಭಾಷಣೆ ಬರೆಯುವವರು ಕಲಾವಿದರಲ್ಲವೇ? ಆ ಕೆಲಸ ನಮ್ಮ ಕಡೆಯ ಹುಡುಗರಿಗೆ ಕೊಟ್ಟು ನೋಡಿ. ಜಿಪುಣನನ್ನು ಬೈಯಲು ಹನೂರು ಸೀಮೆಯಲ್ಲಿ ಎಷ್ಟು ಮಾತುಗಳಿವೆ ಎಂಬುದು ಅವರಿಗೆ ಗೊತ್ತು.