ಟಿಕೆಟ್ ಫ್ರೀ, ಆದ್ರೆ ಬಸ್ಸೇ ಇಲ್ಲ: ಮಲೆನಾಡಿನ ಹಳ್ಳಿಗಳಿಗೆ ಸ್ವಂತ ಗಾಡಿ ಅನಿವಾರ್ಯವಾಗಿದ್ದು ಹೇಗೆ?

ಕೊಪ್ಪ: 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾಯ್ತು. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಒಳ್ಳೆಯದೇ. ಆದರೆ ಸರ್ಕಾರಿ ಬಸ್ಸೇ ಬಾರದ ಊರಲ್ಲಿ ಆಧಾರ್ ಕಾರ್ಡ್ ತೋರಿಸೋದು ಯಾರಿಗೆ?

ಮಲೆನಾಡಿನ ಒಳದಾರಿಗಳು ಹೆಚ್ಚಾಗಿ ನೆಚ್ಚಿಕೊಂಡಿದ್ದು ಖಾಸಗಿ ಬಸ್ಸುಗಳನ್ನು. ಅವಕ್ಕೆ ‘ಶಕ್ತಿ’ ಅನ್ವಯಿಸಲ್ಲ. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ‘ಸಹಕಾರ ಸಾರಿಗೆ’ ಇಲ್ಲಿನವರ ಪಾಲಿಗೆ ಮನೆ ಬಸ್ಸಿನ ಹಾಗಿತ್ತು. ಡೀಸೆಲ್ ದರ ಏರಿತು, ನಷ್ಟ ಬೆಳೆಯಿತು. 2020ರ ಫೆಬ್ರವರಿಯಲ್ಲಿ ಅದರ ಓಡಾಟವೂ ನಿಂತುಹೋಯ್ತು.

ಮುಂದಿನದು ಎಲ್ಲರಿಗೂ ಗೊತ್ತಿರೋದೇ. ಬಸ್ ನಂಬಿಕೊಂಡ್ರೆ ಆಗಲ್ಲ ಅಂತ ಸಾಲ ಮಾಡಿ ಒಬ್ಬರು ಸ್ಕೂಟರ್, ಇನ್ನೊಬ್ಬರು ಕಾರು ತಗೊಳ್ತಾರೆ. ಬಸ್ಸಿನಲ್ಲಿ ಅಷ್ಟು ಸೀಟು ಖಾಲಿ. ಕಲೆಕ್ಷನ್ ಇಲ್ಲ ಅಂತ ಟ್ರಿಪ್ ಕಡಿತವಾಗುತ್ತೆ. ಟ್ರಿಪ್ ಕಡಿಮೆಯಾದಷ್ಟೂ ಇನ್ನಷ್ಟು ಜನ ಗಾಡಿ ಕೊಳ್ತಾರೆ.

ಕೊನೆಗೆ ರಸ್ತೆ ಬದಿಯಲ್ಲಿ ಉಳಿಯೋದು ಗಾಡಿ ಇಲ್ಲದವರು, ಓಡಿಸೋಕೆ ಆಗದವರು: ವಯಸ್ಸಾದವರು, ಕಾಲೇಜು ಮಕ್ಕಳು, ತೋಟದ ಕೆಲಸದ ಹೆಂಗಸರು. ಬಿಪಿ ಮಾತ್ರೆ ತರೋಕೆ ಆಟೊ ಮಾಡಿಕೊಂಡು ಹೋದರೆ, ಮಾತ್ರೆಗಿಂತ ಬಾಡಿಗೆಯೇ ದುಬಾರಿ.

ಹಾಗಾಗಿ ಎಷ್ಟು ಟಿಕೆಟ್ ಉಚಿತವಾಗಿ ಕೊಟ್ಟೆವು ಅನ್ನೋದರ ಜೊತೆಗೆ, ಎಷ್ಟು ಊರಿಗೆ ಬಸ್ ಹೋಯ್ತು ಅನ್ನೋದನ್ನೂ ಸರ್ಕಾರ ಲೆಕ್ಕ ಹಾಕಬೇಕು. ದೊಡ್ಡ ಬಸ್ ತಿರುಗದ ದಾರಿಗೆ ಮಿನಿ ಬಸ್ ಸಾಕು. ಶಾಲೆ, ಆಸ್ಪತ್ರೆ ಸಮಯಕ್ಕೆ ಹೊಂದುವಂತೆ ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್. ಆದರೆ ದಿನಾ ತಪ್ಪದೇ ಬರಬೇಕು. ಇವತ್ತು ಬಂದು ನಾಳೆ ಬಾರದ ಬಸ್ಸಿಗೆ ಯಾರೂ ಕಾಯಲ್ಲ.